ಮಿದುಳಿನ ಸುತ್ತಣ ರಕ್ತಸ್ರಾವ

ವೈದ್ಯರನ್ನು ಕೇಳದೆಯೇ ನಮ್ಮ ಮನೆಗಳಲ್ಲಿ ಹೇಳಿಬಿಡುವ ತೀರ್ಪುಗಳು ಎರಡುಂಟು. ಯಾರಾದರೂ ತಲೆ ಹಿಡಿದುಕೊಂಡು ವಾಂತಿಮಾಡಿದರೆ, ಪಿತ್ತ ಕೆರಳಿದೆ ಎಂಬುದು ಒಂದು. ಮನೆಯ ಹಿರಿಯರು ಆಡಿದ ಮಾತನ್ನೇ ಆಡುತ್ತ, ಹೆಜ್ಜೆ ತಪ್ಪುತ್ತ, ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸುತ್ತ ಇದ್ದರೆ, ಅರುವತ್ತಕ್ಕೆ ಅರಳುಮರಳು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹಣೆಗೆ ಶುಂಠಿಯ ಪಟ್ಟು ಹಾಕಿ ಕತ್ತಲೆಯ ಕೋಣೆಯಲ್ಲಿ ಮಲಗಿಸುವರು. ಎರಡನೆಯದಕ್ಕೆ ಮದ್ದಿಲ್ಲವೆಂದು ಸುಮ್ಮನಾಗುವರು. ತಲೆನೋವುಗಳಲ್ಲಿ ಬಹುಪಾಲು ಅಪಾಯವಿಲ್ಲದುವೇ ಆದುದರಿಂದಲೂ, ಮುಪ್ಪಿನಲ್ಲಿ ಮರೆವು ಬರುವುದು ಲೋಕದಲ್ಲಿ ಕಂಡ ಸಂಗತಿಯೇ ಆದುದರಿಂದಲೂ ಈ ತೀರ್ಪುಗಳಿಂದ ಸಾಮಾನ್ಯವಾಗಿ ದೊಡ್ಡ ಕೇಡೇನೂ ಆಗುವುದಿಲ್ಲ. ಆದರೆ ಕೆಲವು ವೇಳೆ ಈ ಎರಡು ಮಾತುಗಳ ಮರೆಯಲ್ಲಿ, ತಲೆಬುರುಡೆಯ ಒಳಗೆ, ಮಿದುಳಿನ ಹೊರಮೈಯ ಸುತ್ತ ರಕ್ತ ಸೋರುತ್ತಿರುವುದು. ಆಗ ರೋಗಿಯ ಅಳಿವು ಉಳಿವು ಶಸ್ತ್ರವೈದ್ಯರ ಕೈಗಿಂತ ಮೊದಲು ಮನೆಯವರ ತಿಳಿವಳಿಕೆಯಲ್ಲಿ ನಿಂತಿರುವುದು. ಅದಕ್ಕೆ ಬೇಕಾದಷ್ಟು ವಿಷಯವನ್ನು ಗೃಹಸ್ಥರಿಗೆ ತಿಳಿಯುವಂತೆ ಹೇಳಬೇಕೆಂಬುದೇ ನಮ್ಮ ಉದ್ದೇಶ.

ಮಿದುಳಿನ ಒಡಲಿನಲ್ಲಿಯೇ ರಕ್ತನಾಳ ಒಡೆದು ಪಾರ್ಶ್ವವಾಯು ಬಡಿಯುವ ಸಂಗತಿ ವಾಚಕರಿಗೆ ಗೊತ್ತಿರುವುದು. ನಾವು ಹೇಳಹೊರಟಿರುವುದು ಅದನ್ನಲ್ಲ. ಮಿದುಳಿಗೂ ಬುರುಡೆಗೂ ನಡುವಣ ಎಡೆಯಲ್ಲಿ ಆಗುವ ಸ್ರಾವವನ್ನು. ಬುರುಡೆಯ ಒಳಮೈಗೆ ಅಂಟಿಕೊಂಡು ತೊಗಲಿನಂತೆ ಗಟ್ಟಿಯಾದ ಪೊರೆಯೊಂದಿದೆ. ವೈದ್ಯರು ಇದನ್ನು ಡ್ಯೂರಾ ಎನ್ನುವರು. ಅದರ ಕೆಳಗೆ ಜೇಡರಬಲೆಯಂತೆ ನವುರಾದ ಅರಕ್ನಾಯ್ಡ್ ಎಂಬ ಪೊರೆ. ಅದಕ್ಕೂ ಒಳಗೆ, ಮಿದುಳಿನ ಏರುತಗ್ಗುಗಳನ್ನೆಲ್ಲ ಅನುಸರಿಸಿ ಹೊದೆದಿರುವ ಪಯಾ ಎಂಬ ಅತಿ ತೆಳ್ಳನೆಯ ಪೊರೆ. ಈ ಕಡೆಯ ಎರಡು ಪೊರೆಗಳ ನಡುವೆ ತಿಳಿನೀರಿನಂತಹ ದ್ರವ ಹರಿದಾಡುತ್ತಿರುವುದು. ಮಿದುಳಿನ ಒಳಗೂ ಸುತ್ತಲೂ, ಬೆನ್ನುಹುರಿಯ ಸುತ್ತಲೂ ಇರುವುದೆಲ್ಲ ಸೇರಿ ಅದು ಸುಮಾರು ೧೫೦ ಮಿಲಿಲೀಟರು, ಎಂದರೆ ಒಂದು ಲೋಟಕ್ಕಿಂತ ಕಡಮೆ. ಮಿದುಳಿಗೆ ರಕ್ತವನ್ನು ತರುವ ದೊಡ್ಡ ಧಮನಿಗಳು ಈ ದ್ರವದಲ್ಲಿಯೇ ಮುಳುಗಿ ಸಾಗುವುವು.

ಕೈಗೆ ಪೆಟ್ಟು ಬಿದ್ದರೆ ಅಲ್ಲಿ ರಕ್ತ ಕಟ್ಟಿ ಊದಿಕೊಳ್ಳುವುದು. ಚರ್ಮವು ಹಿಗ್ಗಿ ಎಡೆಮಾಡಿಕೊಡುವುದು. ಬೆಳೆದವರ ಬುರುಡೆ ಹಿಗ್ಗುವಂತಿಲ್ಲ. ಅದರೊಳಗೆ ಹೊಸದಾಗಿ ರಕ್ತ ಸೇರಿದಷ್ಟೂ ಬೇರೆ ಯಾವುದಾದರೂ ಸ್ಥಳ ಬಿಡಬೇಕು. ಮೊದಲು ತಿಳಿದ್ರವವು ಬೆನ್ನಿನ ಕಡೆಗೆ ಸರಿಯುವುದು. ಬಳಿಕ ಸಿರೆಗಳಲ್ಲಿನ ರಕ್ತವು ಹಿಂಡಿಹೋಗುವುದು. ಇವೆರಡೂ ತೀರಿದ ಮೇಲೆ ಮಿದುಳೇ ಅಮುಕಿಕೊಂಡು, ಬುರುಡೆಯ ತಳದಲ್ಲಿರುವ ರಂಧ್ರದ ಕಡೆಗೆ ತಳ್ಳಿಸಿಕೊಳ್ಳುವುದು. ಉಸಿರಾಟವನ್ನು ನಡೆಸುವ ಭಾಗವಿರುವುದು ಅಲ್ಲಿಯೇ. ಈ ಕ್ರಮವನ್ನು ನೆನಪಿನಲ್ಲಿಟ್ಟರೆ, ತಲೆಗೆ ಪೆಟ್ಟುತಿಂದವನು ಬಹಳ ಹೊತ್ತು ಚೆನ್ನಾಗಿಯೇ ಇದ್ದು ಆಮೇಲೆ ಒಮ್ಮೆಲೇ ಕೆಡುವುದೇಕೆಂಬುದು ಅರ್ಥವಾಗುವುದು.

ರಕ್ತ ಯಾವ ಪದರದಲ್ಲಿ ಸೇರಿತೆಂಬುದರ ಮೇಲೆ ರೋಗದ ನಡೆ ಬೇರೆಬೇರೆ. ಆದುದರಿಂದ ಹೊರಗಿನ ಪದರದಿಂದ ಒಳಕ್ಕೆ ಹೋಗುವುದು ಅನುಕೂಲ.

ಎಲುಬಿಗೂ ಗಟ್ಟಿಪೊರೆಗೂ ನಡುವೆ ರಕ್ತ ಸೇರುವುದು ಬಹುಮಟ್ಟಿಗೆ ಪೆಟ್ಟಿನಿಂದಲೇ. ಕಿವಿಗೂ ಹುಬ್ಬಿಗೂ ನಡುವೆ ಬುರುಡೆ ತೆಳುವಾಗಿದ್ದು, ಅದರ ಒಳಮೈಯಲ್ಲಿ ಒಂದು ಧಮನಿ ಹಾದುಹೋಗುವುದು. ಎಲುಬು ಬಿರುಕುಬಿಟ್ಟರೆ ಧಮನಿಯೂ ಹರಿಯುವುದು. ಧಮನಿಯ ರಕ್ತಕ್ಕೆ ಒತ್ತಡ ಹೆಚ್ಚಾದುದರಿಂದ ಎಲ್ಲವೂ ಕೆಲವೇ ಗಂಟೆಗಳಲ್ಲಿ ತೀರ್ಮಾನವಾಗುವುದು. ೨೦೦೯ನೆಯ ಮಾರ್ಚಿ ೧೬ರಂದು ಇಂಗ್ಲೆಂಡಿನ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದ ಮಾಂ ತ್ರಾಂಬ್ಲಾಂ ಎಂಬಲ್ಲಿ ಹಿಮದ ಮೇಲೆ ಜಾರುವಾಟವನ್ನು ಕಲಿಯುತ್ತಿದ್ದಾಗ, ಹೊಸಬರಿಗೆಂದೇ ಇರುವ ಸುಲಭವಾದ ಇಳಿಜಾರಿನಲ್ಲಿ ಬಿದ್ದರು. ತಮಗೇನೂ ಆಗಿಲ್ಲವೆಂದು ನಗುನಗುತ್ತಲೇ ಹೇಳಿ ವೈದ್ಯರನ್ನು ಬೇಡವೆಂದರು. ಸುಮಾರು ಒಂದು ಗಂಟೆಯ ಮೇಲೆ ತಲೆನೋವು ಬಂದಿತು. ೧೮ರಂದು ಅವರು ತೀರಿಕೊಂಡರು, ವಯಸ್ಸು ೪೫. ನಡುವಣ ಆ ನೆಮ್ಮದಿಯ ಹೊತ್ತು ಈ ಬಗೆಯ ಸ್ರಾವದ ಲಕ್ಷಣಗಳಲ್ಲಿ ಒಂದೆಂದು ವೈದ್ಯಶಾಸ್ತ್ರದ ಪುಸ್ತಕಗಳು ಹೇಳುವುವು. ನಮ್ಮಲ್ಲಿ ಹಿಮವಿಲ್ಲದಿದ್ದರೂ ಮೋಟಾರು ಬೈಸಿಕಲ್ಲುಗಳಿಗೆ ಬರವಿಲ್ಲ. ರಸ್ತೆಯಲ್ಲಿ ಬಿದ್ದು ಕ್ಷಣಕಾಲ ಎಚ್ಚರ ತಪ್ಪಿದವನು ಎದ್ದು ಧೂಳು ಕೊಡವಿಕೊಂಡು ಮನೆಗೆ ಬಂದರೆ, ಅವನನ್ನು ಒಬ್ಬನನ್ನೇ ಮಲಗಲು ಬಿಡಬಾರದು. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ವೇಳೆಗೆ ಸರಿಯಾಗಿ ಬುರುಡೆಯನ್ನು ತೆರೆದು ರಕ್ತವನ್ನು ತೆಗೆದರೆ ಇಂಥವರು ಪೂರ್ಣವಾಗಿ ಗುಣಹೊಂದುವುದುಂಟು, ತಡವಾದರೆ ಆಗದು.

ಗಟ್ಟಿಪೊರೆಯ ಕೆಳಗಣ ಸ್ರಾವದಲ್ಲಿ ಎರಡು ಬಗೆ. ದೊಡ್ಡ ಅಪಘಾತದಲ್ಲಿ ಕೂಡಲೇ ಆಗುವುದೊಂದು. ಅದರ ಕಥೆ ಮೇಲೆ ಹೇಳಿದುದಕ್ಕಿಂತಲೂ ಕಠಿಣ, ಏಕೆಂದರೆ ಅಲ್ಲಿ ಮಿದುಳಿಗೂ ಗಾಯವಾಗಿರುವುದು. ಇನ್ನೊಂದು ಮೆಲ್ಲಗೆ, ವಾರಗಟ್ಟಲೆ ಬೆಳೆಯುವಂಥದು. ಮನೆಗಳಲ್ಲಿ ತಿಳಿಯದೆ ಹೋಗುವುದು ಇದೇ. ಇದನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ತಿಪಟೂರಿನ ಕಡೆ ತೆಂಗಿನಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಉಂಡೆ ಕೊಬ್ಬರಿ ಮಾಡುವುದನ್ನು ಅನೇಕರು ನೋಡಿರುವರು. ನೀರು ಆರಿದಂತೆ ತಿರುಳು ಕುಗ್ಗಿ ಕರಟದಿಂದ ಬಿಟ್ಟುಕೊಳ್ಳುವುದು. ಕಾಯನ್ನು ಅಲುಗಿಸಿದರೆ ಒಳಗೆ ಲೊಟಲೊಟ ಸದ್ದು. ಮುಪ್ಪಿನಲ್ಲಿ ಮಿದುಳೂ ಇದೇ ರೀತಿ ಸ್ವಲ್ಪ ಕುಗ್ಗಿ ಬುರುಡೆಯಿಂದ ದೂರ ಸರಿಯುವುದು. ಹೆಚ್ಚಾಗಿ ಮದ್ಯಪಾನ ಮಾಡುವವರಲ್ಲಿ ಇದು ಬೇಗನೆ ಬರುವುದು. ಮಿದುಳಿನ ಮೇಲ್ಮೈಯಿಂದ ಗಟ್ಟಿಪೊರೆಗೆ ಸೇತುವೆಯಂತೆ ಹಾದುಹೋಗುವ ಸಣ್ಣ ಸಿರೆಗಳುಂಟು. ಮಿದುಳು ಸರಿದಂತೆ ಇವು ಎಳೆದ ದಾರದಂತೆ ಬಿಗಿಯಾಗುವುವು. ಇಂಥ ಸ್ಥಿತಿಯಲ್ಲಿ ತಲೆಗೆ ಒಂದು ಚಿಕ್ಕ ಪೆಟ್ಟು ಸಾಕು. ಬಚ್ಚಲಲ್ಲಿ ಜಾರಿದುದು, ಹಳೆಯ ಮನೆಯ ತಗ್ಗು ಬಾಗಿಲ ಪಟ್ಟಿಗೆ ತಲೆ ತಗಲಿದುದು, ಬಸ್ಸು ಹಠಾತ್ತಾಗಿ ನಿಂತಾಗ ಮುಂದಿನ ಕಂಬಿಗೆ ಬಡಿದುದು ಇಷ್ಟರಿಂದಲೇ ಸಿರೆಯೊಂದು ಹರಿಯಬಹುದು. ಸಿರೆಯ ರಕ್ತಕ್ಕೆ ಒತ್ತಡ ಕಡಮೆ. ಕುಗ್ಗಿದ ಮಿದುಳಿನ ಸುತ್ತ ಎಡೆಯೂ ಇದೆ. ಆದುದರಿಂದ ಆ ದಿನ ಏನೂ ತಿಳಿಯದು. ಬುಗುಟೆ ಎದ್ದಿದ್ದರೆ ಮೂರು ದಿನದಲ್ಲಿ ಇಳಿಯುವುದು, ಸಂಗತಿ ಮರೆತೂ ಹೋಗುವುದು.

ಒಳಗಿನ ರಕ್ತವೋ ಸುಮ್ಮನಿರುವುದಿಲ್ಲ. ಅದರ ಸುತ್ತ ದೇಹವು ಹೊಸದೊಂದು ಪೊರೆಯನ್ನು ಬೆಳಸುವುದು. ಆ ಪೊರೆಯಲ್ಲಿ ಹುಟ್ಟುವ ನವುರಾದ ರಕ್ತನಾಳಗಳು ಆಗಾಗ ಸೋರುವುವು. ಹೆಪ್ಪು ಕರಗಿ ಎಂಜಿನಿನ ಹಳೆಯ ಎಣ್ಣೆಯಂತೆ ಕಪ್ಪಾದ ದ್ರವವಾಗಿ ಮೆಲ್ಲಮೆಲ್ಲನೆ ಹೆಚ್ಚುವುದು. ಪೆಟ್ಟು ಬಿದ್ದ ಮೂರನೆಯ ವಾರದಿಂದ ಮೊದಲುಗೊಂಡು ಎರಡು ಮೂರು ತಿಂಗಳವರೆಗೆ ಯಾವಾಗಲಾದರೂ ಲಕ್ಷಣಗಳು ಕಾಣಿಸಬಹುದು. ತಲೆ ಭಾರ, ತಲೆನೋವು, ಒಂದು ಕಾಲನ್ನು ಎಳೆದು ನಡೆಯುವುದು, ಒಂದೇ ಪಕ್ಕದ ಚಪ್ಪಲಿ ಜಾರಿಹೋಗುವುದು, ತುತ್ತು ಕೈಯಿಂದ ಜಾರುವುದು, ಮಾತು ತಡವರಿಸುವುದು, ಮೇಲಿಂದ ಮೇಲೆ ಬೀಳುವುದು, ಹಗಲೆಲ್ಲ ನಿದ್ರೆ, ಮೂತ್ರದ ಹಿಡಿತ ತಪ್ಪುವುದು. ಒಂದು ದಿನ ಚೆನ್ನಾಗಿದ್ದು ಮರುದಿನ ಮಂಕಾಗಿ, ಮತ್ತೆ ಮೂರನೆಯ ದಿನ ಸರಿಯಾಗುವುದೂ ಉಂಟು. ಮುಪ್ಪಿನ ಮರೆವು ವರುಷಗಟ್ಟಲೆಯಲ್ಲಿ ಬರುವಂಥದು. ಇದು ವಾರಗಳಲ್ಲಿ ಬರುವುದು. ಈ ಒಂದು ಭೇದವನ್ನು ಗೃಹಿಣಿಯರು ಗಮನಿಸಿದರೆ ಸಾಕು, ಎಷ್ಟೋ ಅಜ್ಜಂದಿರು ಮತ್ತೆ ತಾವೇ ಪಂಚಾಂಗ ನೋಡಿ ತಿಥಿ ಹೇಳುವಂತಾಗುವರು.

ಬ್ರಜಿಲ್ ದೇಶದ ಅಧ್ಯಕ್ಷ ಲೂಲಾ ಅವರ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ೨೦೨೪ನೆಯ ಅಕ್ಟೋಬರ್ ೧೯ರಂದು ಅವರು ಬ್ರಜಿಲಿಯಾ ನಗರದ ತಮ್ಮ ನಿವಾಸದ ಬಚ್ಚಲುಮನೆಯಲ್ಲಿ ಬಿದ್ದು ತಲೆಯ ಹಿಂಬದಿಗೆ ಪೆಟ್ಟಾಯಿತು. ವೈದ್ಯರ ಮಾತಿನಂತೆ ರಷ್ಯಾದ ಪ್ರವಾಸವೊಂದನ್ನು ಬಿಟ್ಟು ಉಳಿದಂತೆ ಕೆಲಸದಲ್ಲಿಯೇ ಇದ್ದರು. ಏಳು ವಾರಗಳು ಕಳೆದು, ಡಿಸೆಂಬರ್ ೯ರಂದು ತಲೆನೋವೆಂದು ಪರೀಕ್ಷೆ ಮಾಡಿಸಿದಾಗ ಬುರುಡೆಯೊಳಗೆ ರಕ್ತ ಕಂಡಿತು. ಅವರನ್ನು ಸಾವೋ ಪಾವ್ಲೋ ನಗರಕ್ಕೆ ಸಾಗಿಸಿ ೧೦ರ ಬೆಳಗಿನ ಜಾವದಲ್ಲಿಯೇ ಶಸ್ತ್ರಕ್ರಿಯೆ ನಡೆಸಿದರು. ೧೫ರಂದು ಆಸ್ಪತ್ರೆಯಿಂದ ಹೊರಬಂದರು. ಆಗ ಅವರಿಗೆ ೭೯ ವರ್ಷ. ಅರಮನೆಯಂಥ ನಿವಾಸದ ಬಚ್ಚಲೂ ಬಚ್ಚಲೇ ಎಂಬುದು ಬೇರೆ ಮಾತು.

ಈ ರೋಗದ ಕಾರಣವು ವಿದ್ವಾಂಸರಿಗೂ ಬಹಳ ಕಾಲ ತಿಳಿಯದೆ ಹೋದುದು ಕುತೂಹಲಕರವಾಗಿದೆ. ಜರ್ಮನಿಯ ಸುಪ್ರಸಿದ್ಧ ಪಂಡಿತ ವಿರ್ಶೋ ೧೮೫೭ರಲ್ಲಿ, ಇದು ಗಟ್ಟಿಪೊರೆಯ ಉರಿಯೂತದಿಂದ ಬರುವುದೆಂದು ಹೇಳಿದನು. ಆತನ ಹೆಸರಿನ ಭಾರಕ್ಕೆ ಎಲ್ಲರೂ ಒಪ್ಪಿದರು. ೧೯೧೪ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲ್ಫ್ರೆಡ್ ಟ್ರಾಟರ್, ಇದಕ್ಕೆ ಮೂಲ ಮರೆತುಹೋದ ಸಣ್ಣ ಪೆಟ್ಟು ಮತ್ತು ಹರಿದ ಸಿರೆ ಎಂದು ತೋರಿಸಿಕೊಟ್ಟನು. ಆದುದರಿಂದಲೇ ಇಂದಿಗೂ ವೈದ್ಯರು ಮೊದಲು ಕೇಳುವ ಪ್ರಶ್ನೆ, ಕಳೆದ ಎರಡು ಮೂರು ತಿಂಗಳಲ್ಲಿ ಎಲ್ಲಾದರೂ ಬಿದ್ದಿದ್ದರೇ ಎಂಬುದು. ರೋಗಿಗೆ ನೆನಪಿರದು, ಮನೆಯವರು ನೆನಪಿಸಿಕೊಳ್ಳಬೇಕು. ಹೃದಯರೋಗಕ್ಕಾಗಿಯೋ ಬೇರೆ ಕಾರಣಕ್ಕಾಗಿಯೋ ವಾರ್ಫರಿನ್ ಮೊದಲಾದ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆಗಳನ್ನು ನುಂಗುತ್ತಿರುವವರಿದ್ದರೆ ಅದನ್ನು ತಪ್ಪದೆ ಹೇಳತಕ್ಕುದು. ಅಂಥವರಲ್ಲಿ ಈ ಸ್ರಾವ ಹೆಚ್ಚು.

ಚಿಕಿತ್ಸೆ ಕೇಳುವುದಕ್ಕೆ ಭಯಂಕರವಾದರೂ ಮಿದುಳಿನ ಶಸ್ತ್ರಕ್ರಿಯೆಗಳಲ್ಲೆಲ್ಲ ಸರಳವಾದುದೆನ್ನಬಹುದು. ಬುರುಡೆಯಲ್ಲಿ ಬೆರಳತುದಿಯಷ್ಟು ಅಗಲದ ಒಂದೆರಡು ರಂಧ್ರಗಳನ್ನು ಕೊರೆದು, ಗಟ್ಟಿಪೊರೆಯನ್ನು ಸೀಳಿ, ಕಪ್ಪು ದ್ರವವನ್ನು ಹೊರಕ್ಕೆ ಬಿಟ್ಟು ಉಪ್ಪುನೀರಿನಿಂದ ತೊಳೆಯುವರು. ಬಹಳ ಮುದುಕರಿಗೆ ಮತ್ತು ಕೊಡದೆ, ಆ ಸ್ಥಳವನ್ನು ಮಾತ್ರ ಮರಗಟ್ಟಿಸಿ ಮಾಡುವುದೂ ಉಂಟು. ರಾಜಗೃಹದ ಶ್ರೇಷ್ಠಿಯೊಬ್ಬನ ತಲೆಯನ್ನು ಜೀವಕನು ತೆರೆದು ಎರಡು ಹುಳುಗಳನ್ನು ತೆಗೆದನೆಂಬ ಕಥೆ ಬೌದ್ಧರ ವಿನಯಪಿಟಕದಲ್ಲಿ ಬರುವುದು. ಇಂಥ ಕಥೆಗಳಿಂದ ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸಹೋಗುವುದು ನಮಗೆ ಸಮ್ಮತವಲ್ಲ. ಆದರೆ ಬುರುಡೆಯನ್ನು ತೆರೆಯಬಹುದೆಂಬ ಭಾವನೆ ಈ ನೆಲಕ್ಕೆ ಹೊಸದಲ್ಲವೆಂದಷ್ಟು ಹೇಳಬಹುದು.

ತೆಗೆದ ರಕ್ತ ಮತ್ತೆ ಸೇರುವುದೇ ಇದರ ದೊಡ್ಡ ತೊಡಕು. ಕೇಂಬ್ರಿಜ್ಜಿನಲ್ಲಿ ೨೧೫ ರೋಗಿಗಳ ಮೇಲೆ ನಡೆದು ೨೦೦೯ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಒಂದು ಸಂಗತಿ ತಿಳಿಯಿತು. ಶಸ್ತ್ರಕ್ರಿಯೆಯ ತರುವಾಯ ಎರಡು ದಿನ ಮೆತ್ತನೆಯ ಕೊಳವೆಯೊಂದನ್ನು ಒಳಗೆ ಬಿಟ್ಟರೆ ರಕ್ತ ಮತ್ತೆ ಸೇರಿ ಪುನಃ ಶಸ್ತ್ರಕ್ರಿಯೆ ಬೇಕಾಗುವವರು ನೂರಕ್ಕೆ ೯, ಬಿಡದಿದ್ದರೆ ೨೪. ಇಷ್ಟು ಅಗ್ಗದ ಒಂದು ಕೊಳವೆಯಿಂದ ಇಷ್ಟು ಲಾಭ! ಇದಕ್ಕೆ ವಿರುದ್ಧವಾಗಿ, ಊತವನ್ನಿಳಿಸುವ ಡೆಕ್ಸಾಮೆಥಸೋನ್ ಎಂಬ ಔಷಧದಿಂದ ಗುಣವಾಗುವುದೆಂದು ಅನೇಕರು ನಂಬಿದ್ದರು. ೭೪೮ ರೋಗಿಗಳ ಪರೀಕ್ಷೆ ೨೦೨೦ರಲ್ಲಿ ಮುಗಿದಾಗ, ಔಷಧ ಕೊಟ್ಟವರ ಸ್ಥಿತಿಯೇ ಕೊಡದವರಿಗಿಂತ ಕೆಟ್ಟುದಾಗಿತ್ತು. ಈಚಿನ ಉಪಾಯವೆಂದರೆ, ಹೊಸ ಪೊರೆಗೆ ರಕ್ತವನ್ನೊದಗಿಸುವ ಧಮನಿಯನ್ನೇ ಒಳಗಿನಿಂದ ಮುಚ್ಚಿಬಿಡುವುದು. ತೊಡೆಯ ಸಂದಿನ ಅಥವಾ ಮಣಿಕಟ್ಟಿನ ಧಮನಿಯ ಮೂಲಕ ಕೂದಲೆಳೆಯಂಥ ಕೊಳವೆಯನ್ನು ಅಲ್ಲಿಯವರೆಗೆ ಸಾಗಿಸಿ ಅಂಟುದ್ರವ್ಯವನ್ನು ಬಿಡುವರು. ಲೂಲಾ ಅವರಿಗೆ ಡಿಸೆಂಬರ್ ೧೨ರಂದು ಮಾಡಿದುದು ಇದನ್ನೇ. ೨೦೨೪ರಲ್ಲಿ ಇದರ ಪರೀಕ್ಷೆಗಳ ಫಲಗಳು ಹೊರಬಂದಿವೆ. ಒಂದರಲ್ಲಿ, ಮತ್ತೆ ಶಸ್ತ್ರಕ್ರಿಯೆ ಬೇಕಾದವರ ಸಂಖ್ಯೆ ನೂರಕ್ಕೆ ೧೧ರಿಂದ ೪ಕ್ಕೆ ಇಳಿಯಿತು.

ಇನ್ನು ಎಲ್ಲಕ್ಕೂ ಒಳಗಿನ ಪದರ, ತಿಳಿದ್ರವವಿರುವ ಎಡೆ. ಪೆಟ್ಟಿನಿಂದ ಇಲ್ಲಿಯೂ ರಕ್ತ ಸೇರುವುದು. ಆದರೆ ಪೆಟ್ಟಿಲ್ಲದೆ, ಆರೋಗ್ಯವಾಗಿ ಓಡಾಡುತ್ತಿದ್ದವರಿಗೆ ಸಿಡಿಲು ಬಡಿದಂತೆ ಬರುವ ಸ್ರಾವವೇ ಇಲ್ಲಿ ಮುಖ್ಯ. ಇಂಥವುಗಳಲ್ಲಿ ನೂರಕ್ಕೆ ಸುಮಾರು ೮೫ಕ್ಕೆ ಕಾರಣ ಧಮನಿಯ ಉಬ್ಬು. ಬೈಸಿಕಲ್ಲಿನ ಹಳೆಯ ಟಯರು ಸವೆದ ಕಡೆ ಒಳಗಿನ ಟ್ಯೂಬು ಗುಳ್ಳೆಯಂತೆ ಹೊರಕ್ಕೆ ಉಬ್ಬುವುದಷ್ಟೆ. ಮಿದುಳಿನ ತಳದಲ್ಲಿ ಧಮನಿಗಳು ಕವಲೊಡೆಯುವ ಕಡೆ ಗೋಡೆ ದುರ್ಬಲವಾಗಿ ಅದೇ ರೀತಿ ಉಬ್ಬುವುದು. ಬೆಳೆದವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇಂಥ ಉಬ್ಬು ಇರುವುದೆಂದು ತಿಳಿದವರು ಹೇಳುವರು. ಅವುಗಳಲ್ಲಿ ಬಹುಪಾಲು ಒಡೆಯದೆಯೇ ಆಯುಸ್ಸು ಮುಗಿಯುವುದು. ಒಡೆಯುವಂತೆ ಮಾಡುವುವು ಹೊಗೆಬತ್ತಿ, ರಕ್ತದ ಏರೊತ್ತಡ, ಅತಿಯಾದ ಮದ್ಯ ಇವೇ ಮುಂತಾದುವು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಐವತ್ತು ಅರುವತ್ತರ ಆಸುಪಾಸಿನಲ್ಲಿ ಬರುವುದೇ ವಾಡಿಕೆಯಾದರೂ ಎಳೆಯರನ್ನು ಬಿಟ್ಟಿತೆಂದಿಲ್ಲ.

ಲಂಡನ್ನಿನ ನಟಿ ಎಮಿಲಿಯಾ ಕ್ಲಾರ್ಕ್‌ಗೆ ೨೦೧೧ನೆಯ ಫೆಬ್ರವರಿಯಲ್ಲಿ ಇದು ಬಂದಾಗ ವಯಸ್ಸು ೨೪. ವ್ಯಾಯಾಮಶಾಲೆಯಲ್ಲಿದ್ದಾಗ ತಲೆಯನ್ನು ಪಟ್ಟಿಯಿಂದ ಬಿಗಿದಂತಾಗಿ, ತೆವಳಿಕೊಂಡು ಬಚ್ಚಲಿಗೆ ಹೋಗಿ ವಾಂತಿಮಾಡಿಕೊಂಡ ಬಗೆಯನ್ನು ಆಕೆ ೨೦೧೯ರಲ್ಲಿ ತಾವೇ ಬರೆದು ಪ್ರಕಟಿಸಿದ್ದಾರೆ. ಚಿಕಿತ್ಸೆಯಾದ ಕೆಲವು ದಿನಗಳ ಮೇಲೆ ಮಾತು ಕೆಟ್ಟು, ತಮ್ಮ ಹೆಸರನ್ನೇ ಹೇಳಲಾರದೆ ಹೋದರು. ಸುಮಾರು ಒಂದು ವಾರದಲ್ಲಿ ಆ ತೊಂದರೆ ಕಳೆಯಿತು. ೨೦೧೩ರಲ್ಲಿ ಇನ್ನೊಂದು ಉಬ್ಬಿಗಾಗಿ ಮತ್ತೆ ಚಿಕಿತ್ಸೆ ಬೇಕಾಯಿತು. ಆ ಬಳಿಕವೂ ಆಕೆ ವರ್ಷಾನುವರ್ಷ ನಟಿಸುತ್ತ ಬಂದಿರುವುದು ಧೈರ್ಯ ಕೊಡುವ ಸಂಗತಿ.

ಈ ತಲೆನೋವಿನ ಗುರುತು ಅದರ ತೀವ್ರತೆಗಿಂತ ಹೆಚ್ಚಾಗಿ ಅದರ ವೇಗ. ಅರೆತಲೆನೋವು ಏರುವುದಕ್ಕೆ ಗಂಟೆಗಳು ಬೇಕು. ಇದು ಕೆಲವು ಕ್ಷಣಗಳಲ್ಲಿ, ಹೆಚ್ಚೆಂದರೆ ನಿಮಿಷದಲ್ಲಿ ತುತ್ತತುದಿಗೆ ಮುಟ್ಟುವುದು. ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ ಬಂತೆಂಬುದನ್ನು ರೋಗಿ ಖಚಿತವಾಗಿ ಹೇಳಬಲ್ಲನು: ಕೊಡ ಎತ್ತುತ್ತಿದ್ದೆ, ಬಚ್ಚಲಲ್ಲಿ ಮುಕ್ಕರಿಸುತ್ತಿದ್ದೆ, ಹೀಗೆ. ಇದರೊಡನೆ ವಾಂತಿ, ಕತ್ತು ಸೆಟೆದುಕೊಳ್ಳುವುದು, ಬೆಳಕನ್ನು ಸೈರಿಸದಿರುವುದು, ಕೆಲವರಲ್ಲಿ ಮೂರ್ಛೆ. ಒಂದು ಕಣ್ಣಿನ ರೆಪ್ಪೆ ಜೋತುಬಿದ್ದು ಪಾಪೆ ದೊಡ್ಡದಾಗಿ ಕಂಡರೆ, ಉಬ್ಬು ಆ ಕಣ್ಣಿನ ನರವನ್ನು ಒತ್ತುತ್ತಿದೆಯೆಂದು ತಿಳಿಯಬೇಕು. ಮಾತ್ರೆಯಿಂದ ನೋವು ಇಳಿಯಿತೆಂದು ನೆಮ್ಮದಿಗೊಳ್ಳುವಂತಿಲ್ಲ. ಈ ನೋವೂ ಮಾತ್ರೆಗೆ ಇಳಿಯುವುದುಂಟು. ವೈದ್ಯರೂ ಮೋಸಹೋಗುವರೆಂಬುದಕ್ಕೆ ಲೆಕ್ಕವಿದೆ: ನ್ಯೂಯಾರ್ಕಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಬಂದ ೪೮೨ ರೋಗಿಗಳಲ್ಲಿ ನೂರಕ್ಕೆ ೧೨ ಮಂದಿಯ ರೋಗವನ್ನು ಮೊದಲು ನೋಡಿದ ವೈದ್ಯರು ಗುರುತಿಸಿರಲಿಲ್ಲವೆಂದು ೨೦೦೪ರಲ್ಲಿ ಪ್ರಕಟವಾಯಿತು. ಬಹುಮಂದಿಗೆ ಅರೆತಲೆನೋವೆಂದೋ ಸಾಮಾನ್ಯ ತಲೆನೋವೆಂದೋ ಹೇಳಿದ್ದರು. ಹೀಗಾಗಿ, ನೋವು ಒಮ್ಮೆಲೇ ಬಂದಿತೆಂಬ ಮಾತನ್ನು ವೈದ್ಯರಿಗೆ ಒತ್ತಿ ಹೇಳಬೇಕಾದುದು ಮನೆಯವರ ಕೆಲಸ.

ಪರೀಕ್ಷೆಯೆಂದರೆ ಮೊದಲು ಸಿ.ಟಿ. ಚಿತ್ರ. ೧೯೭೧ನೆಯ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಬಲ್ಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರನ ಯಂತ್ರದಿಂದ ರೋಗಿಯೊಬ್ಬಳ ತಲೆಯ ಚಿತ್ರವನ್ನು ಮೊತ್ತಮೊದಲು ತೆಗೆದರು; ಇಂದು ನಮ್ಮ ಜಿಲ್ಲಾ ಕೇಂದ್ರಗಳಲ್ಲಿಯೂ ಅಂಥ ಯಂತ್ರಗಳು ದೊರೆಯುವುವು. ನೋವು ಬಂದ ಆರು ಗಂಟೆಗಳೊಳಗೆ ತೆಗೆದ ಚಿತ್ರದಲ್ಲಿ ರಕ್ತ ಕಾಣದೆ ಹೋಗುವುದು ಬಹಳ ಅಪರೂಪ. ದಿನ ಕಳೆದಂತೆ ರಕ್ತ ತೊಳೆದುಹೋಗಿ ಚಿತ್ರ ನಿಚ್ಚಳವಾಗದು; ಆಗ ಸೊಂಟದಲ್ಲಿ ಸೂಜಿ ಹಾಕಿ ತಿಳಿದ್ರವವನ್ನು ತೆಗೆದು ನೋಡುವರು. ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಕಾಲು ಬೀಳುವುದೆಂಬ ಹೆದರಿಕೆ ನಮ್ಮವರಲ್ಲಿದೆ. ಕ್ವಿಂಕೆ ಎಂಬ ಜರ್ಮನ್ ವೈದ್ಯ ೧೮೯೧ರಲ್ಲಿ ಕಂಡುಹಿಡಿದ ಈ ವಿಧಾನದಲ್ಲಿ ಸೂಜಿಯನ್ನು ಹಾಕುವುದು ಬೆನ್ನುಹುರಿ ಮುಗಿದ ಸ್ಥಳದಿಂದ ಕೆಳಗೆ. ಆದುದರಿಂದ ಆ ಹೆದರಿಕೆಗೆ ಆಧಾರವಿಲ್ಲ.

ಧಮನಿಗಳ ಚಿತ್ರವನ್ನು ಮೊದಲು ತೆಗೆದವನು ಲಿಸ್ಬನ್ನಿನ ಎಗಾಸ್ ಮೊನೀಜ್, ೧೯೨೭ರಲ್ಲಿ. ಇವನಿಗೆ ೧೯೪೯ರಲ್ಲಿ ನೊಬೆಲ್ ಬಹುಮಾನ ಬಂದುದು ಮಾತ್ರ ಈ ಉಪಕಾರಕ್ಕಲ್ಲ. ಹುಚ್ಚರ ಮಿದುಳಿನ ತಂತುಗಳನ್ನು ಕತ್ತರಿಸುವ, ಇಂದು ವೈದ್ಯರು ಕೈಬಿಟ್ಟಿರುವ ಚಿಕಿತ್ಸೆಗೆ! ೧೯೩೧ರಲ್ಲಿ ಎಡಿನ್‌ಬರೋ ನಗರದ ನಾರ್ಮನ್ ಡಾಟ್, ಒಡೆದ ಉಬ್ಬಿನ ಸುತ್ತ ರೋಗಿಯ ತೊಡೆಯ ಮಾಂಸದ ತುಣುಕನ್ನೇ ಸುತ್ತಿ ರಕ್ತ ನಿಲ್ಲಿಸಿದನು. ೧೯೩೭ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ಉಬ್ಬಿನ ಕತ್ತಿಗೆ ಬೆಳ್ಳಿಯ ಪುಟ್ಟ ಚಿಮುಟವನ್ನು ಹಾಕಿದನು. ಬುರುಡೆಯನ್ನು ತೆರೆದು ಚಿಮುಟ ಹಾಕುವ ಆ ಕ್ರಮ, ಸೂಕ್ಷ್ಮದರ್ಶಕದ ನೆರವಿನಿಂದ ಇಂದಿಗೂ ನಡೆದಿದೆ. ಇನ್ನೊಂದು ದಾರಿ ೧೯೯೧ರಲ್ಲಿ ಗುಲ್ಯೆಲ್ಮಿ ಪ್ರಕಟಪಡಿಸಿದುದು: ಬುರುಡೆಯನ್ನು ತೆರೆಯದೆ, ಧಮನಿಯ ಒಳದಾರಿಯಿಂದಲೇ ಹೋಗಿ, ಉಬ್ಬಿನೊಳಗೆ ಪ್ಲಾಟಿನಮ್ ತಂತಿಯ ಸುರುಳಿಗಳನ್ನು ತುಂಬುವುದು. ಎರಡೂ ಚಿಕಿತ್ಸೆಗಳಿಗೆ ತಕ್ಕವರಾಗಿದ್ದ ೨೧೪೩ ರೋಗಿಗಳಲ್ಲಿ ಇವನ್ನು ಹೋಲಿಸಿ ನೋಡಿದ ಪರೀಕ್ಷೆಯ ಫಲ ೨೦೦೨ರಲ್ಲಿ ಬಂದಿತು. ಒಂದು ವರ್ಷದ ಹೊತ್ತಿಗೆ ಸತ್ತವರು ಅಥವಾ ಪರಾಧೀನರಾದವರು ಸುರುಳಿಯಲ್ಲಿ ನೂರಕ್ಕೆ ೨೪, ಚಿಮುಟದಲ್ಲಿ ೩೧. ಆದರೂ ಉಬ್ಬಿನ ಆಕಾರ, ಸ್ಥಾನಗಳಿಂದ ಕೆಲವರಿಗೆ ಚಿಮುಟವೇ ಲೇಸು. ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ದೊರೆಯುವುದು.

ಉಬ್ಬನ್ನು ಮುಚ್ಚುವುದಕ್ಕೆ ಅವಸರವೇಕೆ? ಒಮ್ಮೆ ಒಡೆದುದು ಮತ್ತೆ ಒಡೆಯುವುದು. ಅದೂ ಮೊದಲ ಒಂದೆರಡು ದಿನಗಳಲ್ಲಿಯೇ ಹೆಚ್ಚು. ಎರಡನೆಯ ಸಲ ಉಳಿಯುವವರು ವಿರಳ. ಮೊದಲ ಸ್ರಾವದಲ್ಲಿಯೇ ಆಸ್ಪತ್ರೆ ಸೇರುವುದಕ್ಕೆ ಮುಂಚೆ ತೀರಿಕೊಳ್ಳುವವರು ನೂರಕ್ಕೆ ಹತ್ತು ಹದಿನೈದು ಮಂದಿ ಇರುವಾಗ, ಪಾರಾಗಿ ಬಂದವರನ್ನು ಎರಡನೆಯದಕ್ಕೆ ಒಪ್ಪಿಸುವುದು ಅನ್ಯಾಯ. ಉಬ್ಬನ್ನು ಮುಚ್ಚಿದ ಮೇಲೂ ಗಂಡಾಂತರ ಕಳೆಯಿತೆಂದಲ್ಲ. ಸುತ್ತ ಹರಡಿದ ರಕ್ತ ಕರಗುತ್ತ ಧಮನಿಗಳನ್ನು ಕೆರಳಿಸುವುದು. ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಅವು ಸೆಡೆತುಕೊಂಡು, ಮಿದುಳಿಗೆ ರಕ್ತ ಸಾಲದೆ ಹೊಸದಾಗಿ ಪಾರ್ಶ್ವವಾಯು ಬರಬಹುದು. ಶಸ್ತ್ರಕ್ರಿಯೆ ಚೆನ್ನಾಗಿಯೇ ಆಯಿತು, ಮಾತಾಡುತ್ತಿದ್ದರು, ಮನೆಗೇಕೆ ಕಳಿಸುವುದಿಲ್ಲ ಎಂದು ಬಂಧುಗಳು ಗೊಣಗುವುದು ಈ ದಿನಗಳಲ್ಲಿಯೇ. ವೈದ್ಯರು ಹಿಡಿದಿಟ್ಟುಕೊಳ್ಳುವುದಕ್ಕೆ ಕಾರಣ ಇದು. ನಿಮೋಡಿಪೀನ್ ಎಂಬ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ರಾತ್ರಿ ಎಬ್ಬಿಸಿಯಾದರೂ, ೨೧ ದಿನ ಕೊಡುವುದು ಇದರ ಹಾನಿಯನ್ನು ತಗ್ಗಿಸುವುದಕ್ಕಾಗಿ. ಕೆಲವರಲ್ಲಿ ತಿಳಿದ್ರವ ಹರಿಯುವ ದಾರಿ ರಕ್ತದಿಂದ ಕಟ್ಟಿಕೊಂಡು ತಲೆಯಲ್ಲಿ ನೀರು ತುಂಬುವುದು. ಅದನ್ನು ಕೊಳವೆಯಿಂದ ಬಸಿಯಬೇಕು. ರಕ್ತದಲ್ಲಿ ಉಪ್ಪಿನ ಅಂಶ ಇಳಿಯುವುದು, ಅಪಸ್ಮಾರದಂತೆ ಸೆಳವು ಬರುವುದು ಇವೂ ಉಂಟು.

ಕೂಸುಗಳ ವಿಷಯ ಎರಡು ಮಾತು. ಹುಟ್ಟಿದ ಕೂಡಲೇ ವಿಟಮಿನ್ ಕೆ ಚುಚ್ಚುಮದ್ದು ಸಿಗದ ಕೂಸುಗಳಲ್ಲಿ ಕೆಲವಕ್ಕೆ, ಮೊದಲ ಕೆಲವು ತಿಂಗಳೊಳಗೆ ಹಠಾತ್ತಾಗಿ ತಲೆಯೊಳಗೆ ರಕ್ತಸ್ರಾವವಾಗುವುದು. ಮನೆಯಲ್ಲಿ ಹೆರಿಗೆಯಾದರೆ ಇದನ್ನು ಮರೆಯದೆ ಹಾಕಿಸಬೇಕು. ಇನ್ನು, ಅಳು ನಿಲ್ಲಿಸದ ಕೂಸನ್ನು ಸಿಟ್ಟಿನಿಂದ ಹಿಡಿದು ಅಲುಗಾಡಿಸುವುದು ಎಂದಿಗೂ ಸಲ್ಲದು. ಹೊರಗೆ ಗಾಯವೇ ಕಾಣದೆ ಒಳಗಿನ ಸಿರೆಗಳು ಹರಿಯುವುವು.

ಮನೆಯಲ್ಲಿ ಇಂಥ ಸಂದರ್ಭ ಒದಗಿದರೆ ಮಾಡತಕ್ಕ ಕೆಲಸ ಹೆಚ್ಚಿಲ್ಲ. ೧೦೮ಕ್ಕೆ ಕರೆಮಾಡಿ, ಗಾಡಿ ಬರುವವರೆಗೆ ರೋಗಿಯನ್ನು ತಲೆ ಸ್ವಲ್ಪ ಎತ್ತರವಾಗಿರುವಂತೆ ಮಲಗಿಸಬೇಕು. ಎಚ್ಚರ ತಪ್ಪಿದ್ದರೆ ವಾಂತಿ ಗಂಟಲಿಗೆ ಸೇರದಂತೆ ಪಕ್ಕಕ್ಕೆ ಹೊರಳಿಸಬೇಕು. ಬಿದ್ದು ಪೆಟ್ಟಾಗಿದ್ದರೆ ಕತ್ತನ್ನು ತಿರುಚಬಾರದು. ಕಾಫಿಯನ್ನಾಗಲಿ ನೀರನ್ನಾಗಲಿ ಬಾಯಿಗೆ ಹಾಕಬಾರದು. ತಲೆನೋವಿಗೆಂದು ಆಸ್ಪಿರಿನ್ ಕೊಡಬಾರದು. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದು. ನೋವು ಬಂದ ಗಂಟೆಯನ್ನು ಬರೆದಿಟ್ಟು, ರೋಗಿ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಜೊತೆಗೆ ಕೊಂಡೊಯ್ಯಬೇಕು. ಸಿ.ಟಿ. ಯಂತ್ರವಿಲ್ಲದ ಆಸ್ಪತ್ರೆಯಲ್ಲಿ ಹೊತ್ತು ಕಳೆಯದೆ ಅದಿರುವ ಕಡೆಗೇ ಹೋಗುವುದು ಲೇಸು.

ಗುಣವಾಗಿ ಬಂದವರ ವಿಷಯದಲ್ಲಿ ಮನೆಯವರಿಗೆ ಸಹನೆ ಬೇಕಾಗುವುದು. ಧಮನಿ ಒಡೆದು ಬದುಕಿಕೊಂಡವರು ಕೈಕಾಲು ಸರಿಯಾಗಿದ್ದರೂ ತಿಂಗಳುಗಟ್ಟಲೆ ಬೇಗ ದಣಿಯುವರು. ಹೆಸರುಗಳು ಮರೆಯುವುವು, ಗದ್ದಲ ಸಹಿಸದು, ಸಣ್ಣದಕ್ಕೂ ಅಳು ಬರುವುದು. ಇದು ಸೋಮಾರಿತನವಲ್ಲ, ರೋಗದ ಶೇಷ. ಹೊಗೆಬತ್ತಿಯನ್ನು ಪೂರ್ತಿಯಾಗಿ ಬಿಡಿಸಬೇಕು. ರಕ್ತದ ಒತ್ತಡವನ್ನು ಅಳೆಯಿಸುತ್ತಿರಬೇಕು. ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಇಬ್ಬರಿಗೆ ಈ ರೋಗ ಬಂದಿದ್ದರೆ ಉಳಿದವರೂ ಧಮನಿಗಳ ಚಿತ್ರ ತೆಗೆಸಿ ನೋಡುವುದು ಯುಕ್ತ. ಮುದುಕರಲ್ಲಿ ರಕ್ತವನ್ನು ಬಸಿದ ಮೇಲೆ ಮತ್ತೆ ಮಂಕು ಕವಿದರೆ ಇನ್ನೊಮ್ಮೆ ಚಿತ್ರ ತೆಗೆಸಬೇಕು. ಬಚ್ಚಲಿನ ಪಾಚಿಯನ್ನು ತಿಕ್ಕಿಸಿ, ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿಯನ್ನು ಹಾಕಿಸುವುದಕ್ಕೆ ಹೆಚ್ಚು ಖರ್ಚಿಲ್ಲ. ಇನ್ನು ಹೆಪ್ಪು ತಡೆಯುವ ಮಾತ್ರೆಗಳ ಪ್ರಶ್ನೆ. ನಿಲ್ಲಿಸಿದರೆ ಹೃದಯಕ್ಕೆ ಭಯ, ನುಂಗಿದರೆ ತಲೆಗೆ ಭಯ. ಅವನ್ನು ಮತ್ತೆ ಯಾವಾಗ ಮೊದಲುಮಾಡಬೇಕೆಂಬುದನ್ನು ಹೃದಯದ ವೈದ್ಯರೂ ಮಿದುಳಿನ ವೈದ್ಯರೂ ಕೂಡಿ ಹೇಳಬೇಕೇ ಹೊರತು, ನೆರೆಮನೆಯವರ ಮಾತು ಕೇಳಿ ಬಿಡುವುದಾಗಲಿ ಹಿಡಿಯುವುದಾಗಲಿ ಕೂಡದು.